ಬಾನೆಟ್ ಎತ್ತಿ ನೋಡೋಣ

ಈ ಸಲ ಬಂದ ಪತ್ರಗಳೆಲ್ಲ ಸಣ್ಣ ಕಾರಿನವೇ. ಹುಬ್ಬಳ್ಳಿ ಗೋಕುಲ ರಸ್ತೆಯ ನಮ್ಮ ಗ್ಯಾರೇಜನ್ನು ಈಗ ಮಗ ನೋಡಿಕೊಳ್ಳುತ್ತಾನೆ. ನಾನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಅವನ ಕೆಲಸದಲ್ಲಿ ತಪ್ಪು ಹುಡುಕುತ್ತೇನೆ. ಅದೂ ಬೇಸರವಾದಾಗ ನಿಮ್ಮ ಪತ್ರ ಓದುತ್ತೇನೆ.

ಪ್ರಶ್ನೆ: ಎಂಟು ತಿಂಗಳ ಹಿಂದೆ 2020ರ ಆಲ್ಟೊ 800 ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಮೀಟರ್ 38,000 ಕಿ.ಮೀ. ತೋರಿಸುತ್ತಿತ್ತು. ಮೈಲೇಜ್ 22 ಅಂದಿದ್ದರು. ನನಗೆ 14 ಕೂಡ ಬರುತ್ತಿಲ್ಲ. ಮನೆಯಿಂದ ಶಾಲೆಗೆ ಮೂರು ಕಿ.ಮೀ. ದಿನಾ ಹೋಗಿ ಬರುತ್ತೇನೆ, ತಿಂಗಳಿಗೊಮ್ಮೆ ಹುಬ್ಬಳ್ಳಿ. ನನಗೆ ಟೋಪಿ ಹಾಕಿದರಾ?
– ಪ್ರೌಢಶಾಲೆ ಶಿಕ್ಷಕರು, ಅಣ್ಣಿಗೇರಿ

ಉತ್ತರ: ಸರ್, ಟೋಪಿ ವಿಷಯ ಆಮೇಲೆ. ಮೊದಲು ಆ 14 ಎಲ್ಲಿಂದ ಬಂತು ಹೇಳಿ. ಐನೂರು ರೂಪಾಯಿ ಪೆಟ್ರೋಲ್ ಹಾಕಿಸಿ, ಗೇಜ್ ಕೆಳಗೆ ಬರುವತನಕ ಓಡಿಸಿ ಲೆಕ್ಕ ಹಾಕಿದ್ದರೆ ಆ ಲೆಕ್ಕ ಬಿಟ್ಟುಬಿಡಿ. ಟ್ಯಾಂಕ್ ಫುಲ್ ಮಾಡಿಸಿ. ಪಂಪಿನ ನಳಿಕೆ ತಾನೇ ಟಕ್ ಅಂತ ನಿಂತಾಗ ಸಾಕು ಅನ್ನಿ, ಮೇಲೆ ಒತ್ತಿ ತುಂಬಿಸಬೇಡಿ. ಕಿ.ಮೀ. ಬರೆದಿಡಿ. ಮುನ್ನೂರು ಕಿ.ಮೀ. ಓಡಿಸಿ, ಅದೇ ಪಂಪಿಗೆ ಬಂದು ಮತ್ತೆ ಟಕ್ ಅನ್ನುವವರೆಗೆ ತುಂಬಿಸಿ. ಎಷ್ಟು ಲೀಟರ್ ಹಿಡಿಯಿತೋ ಅಷ್ಟರಿಂದ ಕಿ.ಮೀ. ಭಾಗಿಸಿ. ನೀವು ಗಣಿತದವರಾದರೆ ಮೂರು ಸಲ ಮಾಡಿ ಸರಾಸರಿ ತೆಗೆಯಿರಿ.

22 ಅನ್ನುವುದು ಸುಳ್ಳಲ್ಲ. ಸರ್ಕಾರದ ಬಿಎಸ್6 ಹೊಗೆ ನಿಯಮಕ್ಕೆ ತಕ್ಕಂತೆ ಬಂದ ಆಲ್ಟೊ 800ಕ್ಕೆ ಕಂಪನಿ ಹೇಳಿದ ಅಂಕಿ ಲೀಟರಿಗೆ 22.05. ಆದರೆ ಆ ಪರೀಕ್ಷೆ ನಡೆಯುವುದು ರೋಲರ್ ಮೇಲೆ. ಅಲ್ಲಿ ಎಮ್ಮೆ ಅಡ್ಡ ಬರುವುದಿಲ್ಲ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಆ ಮೂರು ಕಿ.ಮೀ. ಮೇಲೆ. ಹಸಿ ಕಟ್ಟಿಗೆ ಹೊತ್ತಿಸಲು ಮೊದಲು ಸ್ವಲ್ಪ ಜಾಸ್ತಿ ಸೀಮೆಎಣ್ಣೆ ಬೇಕಲ್ಲ, ತಣ್ಣಗಿರುವ ಎಂಜಿನ್ ಕೂಡ ಹಾಗೆಯೇ. ಬಿಸಿಯಾಗುವತನಕ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ನಿಮ್ಮ ಕಾರು ಇನ್ನೇನು ಬಿಸಿಯಾಗಬೇಕು, ಅಷ್ಟರಲ್ಲಿ ಶಾಲೆ ಬಂತು. ಸಂಜೆ ಮತ್ತೆ ತಣ್ಣೀರಿನಿಂದ ಶುರು. ಹೋಗುವುದು ಬರೀ ಪೆಟ್ರೋಲ್ ಅಲ್ಲ. ಪೆಟ್ರೋಲ್ ಸುಟ್ಟಾಗ ನೀರಿನ ಆವಿ ಹುಟ್ಟುತ್ತದೆ. ದೂರ ಓಡಿದರೆ ಅದು ಬಿಸಿಗೆ ಹೊರಗೆ ಹೋಗುತ್ತದೆ, ಇಲ್ಲದಿದ್ದರೆ ಸೈಲೆನ್ಸರ್ ಒಳಗೇ ಕೂತು ತುಕ್ಕು ಹಿಡಿಸುತ್ತದೆ. ಸ್ಟಾರ್ಟ್ ಮಾಡಲು ಬ್ಯಾಟರಿ ಕೊಟ್ಟ ಕರೆಂಟು ವಾಪಸ್ ತುಂಬುವಷ್ಟು ಹೊತ್ತು ಕಾರು ಓಡುವುದೂ ಇಲ್ಲ. ಆದ್ದರಿಂದ ನನ್ನ ಸಲಹೆ: ಶಾಲೆಗೆ ಸೈಕಲ್ ತಗೊಳ್ಳಿ. ಭಾನುವಾರ ಮನೆಯವರನ್ನು ಕೂರಿಸಿಕೊಂಡು ಗದಗಿಗೆ ಹೋಗಿ, ವೀರನಾರಾಯಣನ ದರ್ಶನ ಮಾಡಿ ಬನ್ನಿ. ಕಾರಿಗೆ ಅದೇ ಔಷಧ.

ಇನ್ನು ಕೈಯಾರೆ ನೋಡುವಂಥವು. ಟೈರಿನ ಗಾಳಿಯನ್ನು ಬೆಳಗ್ಗೆ, ಟೈರ್ ತಣ್ಣಗಿರುವಾಗ ಹಿಡಿಸಿ. ಎಷ್ಟು ಅನ್ನುವುದನ್ನು ಪಂಪಿನ ಹುಡುಗನನ್ನು ಕೇಳಬೇಡಿ. ಕಾರಿನ ಮೇಲಿನ ಸ್ಟಿಕರಿನಲ್ಲಿ, ಇಲ್ಲವೆ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇದೆ. ಏರ್ ಫಿಲ್ಟರ್ ತೆಗೆದು ನೋಡಿ. ನಿಮ್ಮ ಕಡೆ ಕಡಲೆ ರಾಶಿ ಮಾಡುವ ಕಾಲಕ್ಕೆ ಹೊಲದ ದಾರಿಯಲ್ಲಿ ನಾಲ್ಕು ದಿನ ಓಡಾಡಿದರೆ ಅದು ಕಂಬಳಿ ಥರ ಆಗುತ್ತದೆ. ಮಳೆಗಾಲದಲ್ಲಿ ಎರೆಮಣ್ಣು ಗಾಲಿಯೊಳಗೆ ಮೆತ್ತಿಕೊಂಡು ಒಣಗಿದರೆ ಬ್ರೇಕ್ ಪೂರ್ತಿ ಬಿಡುವುದಿಲ್ಲ. ಹುಬ್ಬಳ್ಳಿಯಿಂದ ಊರು ಸೇರಿದ ಕೂಡಲೇ ನಾಲ್ಕೂ ಗಾಲಿಯ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಮುಂದಿನ ಜೋಡಿಯಲ್ಲಿ ಇಲ್ಲವೆ ಹಿಂದಿನ ಜೋಡಿಯಲ್ಲಿ ಒಂದು ಬೆಚ್ಚಗಿದ್ದು ಇನ್ನೊಂದು ಸುಡುತ್ತಿದ್ದರೆ, ಆ ಸುಡುವ ಗಾಲಿಯ ಬ್ರೇಕ್ ಹಿಡಿದಿದೆ. ಎಡಗಾಲನ್ನು ಕ್ಲಚ್ ಮೇಲೆ ಇಟ್ಟುಕೊಂಡೇ ಓಡಿಸುವ ಚಟ ಇದ್ದರೆ ಬಿಡಿ.

ಟೋಪಿ ವಿಷಯ. ಕ್ಲಚ್, ಬ್ರೇಕ್ ಪೆಡಲಿನ ರಬ್ಬರ್ ನೋಡಿ. 38,000 ಓಡಿದ ಕಾರಿನಲ್ಲಿ ಅದರ ಗೆರೆಗಳು ಇನ್ನೂ ಕಾಣಬೇಕು. ಪೂರ್ತಿ ಸವೆದು ನುಣುಪಾಗಿದ್ದರೆ, ಸ್ಟೀರಿಂಗ್ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದರೆ ಮೀಟರ್ ಹಿಂದೆ ತಿರುಗಿದೆ ಅಂತ ಅನುಮಾನಪಡಿ. ಹಳೆಯ ಸರ್ವೀಸ್ ಬಿಲ್ ಸಿಕ್ಕರೆ ಅದರಲ್ಲಿ ಕಿ.ಮೀ. ಬರೆದಿರುತ್ತಾರೆ. ಅನುಮಾನ ಗಟ್ಟಿಯಾದರೆ ಟೈಮಿಂಗ್ ಬೆಲ್ಟ್, ಅಂದರೆ ಎಂಜಿನ್ನಿನ ವಾಲ್ವ್‌ಗಳನ್ನು ತಾಳ ತಪ್ಪದಂತೆ ಆಡಿಸುವ ಪಟ್ಟಿ, ಬದಲಿಸಿಬಿಡಿ. ಈ 796 ಸಿಸಿ ಎಂಜಿನ್ನಿನಲ್ಲಿ ಇರುವುದು ಚೈನ್ ಅಲ್ಲ, ರಬ್ಬರ್ ಬೆಲ್ಟ್. ಲಕ್ಷ ಕಿ.ಮೀ. ಹೊತ್ತಿಗೆ ಅದನ್ನು ತೆಗೆಯಬೇಕು. ಅದು ಹರಿಯುವ ಮುಂಚೆ ಸದ್ದು ಮಾಡಿ ಹೇಳುವುದಿಲ್ಲ.

ಪ್ರಶ್ನೆ: ಸೀಜನ್‌ನಲ್ಲಿ ಮೆಣಸಿನಕಾಯಿ ಚೀಲಗಳನ್ನು ಕಾರಿನ ಹಿಂದಿನ ಸೀಟಿನಲ್ಲೇ ಒಯ್ಯುತ್ತೇನೆ. ಈಗ ಎಸಿ ಹಾಕಿದರೆ ಸಾಕು, ಕೂತವರೆಲ್ಲ ಸೀನುತ್ತಾರೆ. ನಮ್ಮ ಮನೆಯವಳು ಈ ಕಾರು ಹತ್ತುವುದನ್ನೇ ಬಿಟ್ಟಿದ್ದಾಳೆ. ಸೆಂಟ್ ಡಬ್ಬಿ ಇಟ್ಟು ನೋಡಿದೆ, ಉಪಯೋಗವಿಲ್ಲ.
– ವ್ಯಾಪಾರಿ, ಬ್ಯಾಡಗಿ

ಉತ್ತರ: ಸಾಹುಕಾರ್ರೇ, ನಿಮ್ಮ ಪತ್ರ ಓದಿ ನನ್ನ ಮಗ ನಕ್ಕ, ನಾನು ಸೀನಿದೆ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ಊರೆಲ್ಲ ಹೇಳುತ್ತಾರೆ. ಮೂಗಿಗೆ ಅದು ಗೊತ್ತಿಲ್ಲ.

ಆಗಿದ್ದು ಇಷ್ಟು. ಎಸಿ ಹಾಕಿದಾಗ ಸಾಮಾನ್ಯವಾಗಿ ಕಾರಿನ ಒಳಗಿನ ಗಾಳಿಯನ್ನೇ ಫ್ಯಾನು ಎಳೆದು, ಡ್ಯಾಶ್‌ಬೋರ್ಡ್ ಹಿಂದೆ ಇರುವ ಕೂಲಿಂಗ್ ಕಾಯಿಲ್ ಮೂಲಕ ಕಳಿಸುತ್ತದೆ. ಎಸಿ ಓಡುವಾಗ ಆ ಕಾಯಿಲ್ ಒದ್ದೆ. ಮೆಣಸಿನ ಪುಡಿ ಅದರ ಮೇಲೆ ಹೋಗಿ ಕೂತಿದೆ, ಎಸಿ ಬಂದ್ ಆದ ಮೇಲೆ ಒಣಗಿದ್ದು ಮತ್ತೆ ಹಾಕಿದಾಗ ಹಾರಿ ಮುಖಕ್ಕೆ ಬರುತ್ತಿದೆ. ಎಷ್ಟೋ ಸಣ್ಣ ಕಾರಿನಲ್ಲಿ ಅದನ್ನು ತಡೆಯುವ ಫಿಲ್ಟರೇ ಇರುವುದಿಲ್ಲ. ಮೊದಲು ಸೀಟು, ಮ್ಯಾಟು, ಡಿಕ್ಕಿ ಎಲ್ಲ ವ್ಯಾಕ್ಯೂಮ್ ಮಾಡಿಸಿ. ಇಲ್ಲದಿದ್ದರೆ ಕಾಯಿಲ್ ತೊಳೆದದ್ದು ದಂಡ. ಆಮೇಲೆ ಎಸಿ ಮೆಕ್ಯಾನಿಕ್ ಹತ್ತಿರ ಬ್ಲೋವರ್ ಬಿಚ್ಚಿಸಿ, ಕಾಯಿಲ್ ತೊಳೆಸಿ. ಮುಂದಿನ ಸೀಜನ್‌ಗೆ ಚೀಲದ ಕೆಳಗೂ ಮೇಲೂ ತಾಡಪತ್ರಿ ಹಾಕಿ. ಚೀಲ ಇರುವಾಗ ಎಸಿ ಬೇಡ, ಗ್ಲಾಸು ಇಳಿಸಿ ಹೋಗಿ. ಸೆಂಟ್ ಡಬ್ಬಿ ಬಿಸಾಕಿ. ಮೆಣಸಿನಕಾಯಿ ಮೇಲೆ ಮಲ್ಲಿಗೆ ಸುರಿದರೆ ಎರಡೂ ಕೆಟ್ಟವು.

ಮನೆಯವರನ್ನು ಕಾರು ತೊಳೆಸಿದ ಮೇಲೆಯೇ ಕರೆಯಿರಿ.

ಪ್ರಶ್ನೆ: ವಾರಕ್ಕೊಮ್ಮೆ ರೇಡಿಯೇಟರಿಗೆ ಒಂದು ತಂಬಿಗೆ ನೀರು ಹಿಡಿಯುತ್ತದೆ. ಬೋರಿನ ನೀರೇ ಹಾಕುತ್ತೇನೆ. ಕೂಲಂಟ್ ಅಂತ ದುಡ್ಡು ಕೊಟ್ಟು ಬಣ್ಣದ ನೀರು ಯಾಕೆ ತರಬೇಕು?
– ಮಗ್ಗದ ಮನೆಯವರು, ಬೆಟಗೇರಿ

ಉತ್ತರ: ಅಣ್ಣಾರ, ನಿಮ್ಮ ಮನೆಯ ಬೋರಿನ ನೀರು ಕಾಯಿಸುವ ಪಾತ್ರೆಯ ತಳ ನೋಡಿದ್ದೀರಲ್ವಾ? ಆ ಬಿಳಿ ಪೊರೆಯೇ ರೇಡಿಯೇಟರಿನ ಸಣ್ಣ ಸಣ್ಣ ನಳಿಗೆಗಳಲ್ಲಿ ಕಟ್ಟುತ್ತದೆ. ಪಾತ್ರೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಬಹುದು, ಅಲ್ಲಿ ಕೈ ಹೋಗುವುದಿಲ್ಲ. ಕೂಲಂಟ್ ಬರೀ ಬಣ್ಣದ ನೀರಲ್ಲ. ಅದು ತುಕ್ಕು ತಡೆಯುತ್ತದೆ, ನೀರಿಗಿಂತ ಜಾಸ್ತಿ ಬಿಸಿಗೆ ಕುದಿಯುತ್ತದೆ.

ಅದಕ್ಕಿಂತ ದೊಡ್ಡ ಪ್ರಶ್ನೆ, ಆ ತಂಬಿಗೆ ನೀರು ಹೋಗುವುದೆಲ್ಲಿಗೆ? ಕೂಲಂಟ್ ವ್ಯವಸ್ಥೆ ಮುಚ್ಚಿದ ಗಡಿಗೆ. ಅಲ್ಲಿಂದ ವಾರಕ್ಕೊಂದು ತಂಬಿಗೆ ಸುಮ್ನೆ ಮಾಯವಾಗುವುದಿಲ್ಲ. ಪೈಪು, ವಾಟರ್ ಪಂಪು, ರೇಡಿಯೇಟರ್ ಮುಚ್ಚಳದ ರಬ್ಬರ್ ನೋಡಿಸಿ. ಕಾರಿನ ಕೆಳಗೆ ನೆಲ ಒಣಗಿದ್ದು, ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತಲೇ ಇದ್ದರೆ, ಆಯಿಲ್ ಹಾಲು ಹಾಕಿದ ಚಹಾ ಥರ ಕಂಡರೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಮೇಲ್ಭಾಗದ ಹೆಡ್ಡಿನ ಕೆಳಗೆ ಸೋರದಂತೆ ಕೂರಿಸಿದ ಹಾಳೆ, ಹೋಗಿದೆ. ಆಮೇಲೆ ಆ ಕಾರನ್ನು ಒಂದು ಕಿ.ಮೀ. ಕೂಡ ಓಡಿಸಬೇಡಿ.

ನಾನೂ ಈ ತಪ್ಪು ಮಾಡಿದವನೇ. ಗ್ಯಾರೇಜ್ ಹಾಕಿದ ಹೊಸತು. ಗಿರಾಕಿಯ ಮಾರುತಿ 800 ತಗೊಂಡು ಕುಂದಗೋಳದ ದಾರಿಯಲ್ಲಿ ಟ್ರಯಲ್‌ಗೆ ಹೋಗಿದ್ದೆ. ಎಪ್ರಿಲ್ ಬಿಸಿಲು. ಕಾರು ಕಾದು ನಿಂತಿತು. ಪಕ್ಕದ ಹೊಲದಲ್ಲಿ ಬೋರು ಓಡುತ್ತಿತ್ತು. ಕೊಡ ತುಂಬಿ ತಂದು ಸುರಿದೆ. ಕಾದ ಅಲ್ಯೂಮಿನಿಯಂ ಹೆಡ್, ತಣ್ಣನೆ ನೀರು. ಹೆಡ್ ಬೆಂಡ್ ಆಯಿತು. ಫೇಸಿಂಗ್ ಮಾಡಿಸಿದರೂ, ಅಂದರೆ ಉಜ್ಜಿ ಸಮ ಮಾಡಿಸಿದರೂ, ನಿಲ್ಲಲಿಲ್ಲ. ಹೊಸ ಹೆಡ್ ನನ್ನ ದುಡ್ಡಿನಲ್ಲೇ ಹಾಕಿಕೊಟ್ಟೆ. ಆ ತಿಂಗಳು ಮನೆಯಲ್ಲಿ ರೊಟ್ಟಿ ಜೊತೆ ಬರೀ ಶೇಂಗಾ ಚಟ್ನಿ. ಕಾರು ಕಾದರೆ ಬಂದ್ ಮಾಡಿ ಅರ್ಧ ಗಂಟೆ ಮರದ ನೆರಳಲ್ಲಿ ಕೂರಿ. ಬಿಸಿ ಇರುವಾಗ ಮುಚ್ಚಳ ತೆಗೆಯಬೇಡಿ, ಮುಖ ಸುಟ್ಟುಕೊಂಡವರನ್ನು ನೋಡಿದ್ದೇನೆ.

ಪ್ರಶ್ನೆ: ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಂದ ಮೇಲೆ ನನ್ನ 2014ರ ಕಾರಿನ ಮೈಲೇಜ್ ಇಳಿದಿದೆ ಅನ್ನಿಸುತ್ತದೆ. ನಿಜವಾ, ಭ್ರಮೆಯಾ?
– ಅಂಗಡಿ ಮಾಲೀಕರು, ಹಾವೇರಿ

ಉತ್ತರ: ನಿಜ, ಆದರೆ ಜನ ಹೇಳುವಷ್ಟಲ್ಲ. ಒಂದು ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಐದು ಪಾಲಿನಲ್ಲಿ ಒಂದು ಪಾಲು ಅದೇ ಆದಾಗ ನೂರಕ್ಕೆ ಆರೇಳು ಕಡಿಮೆ ಬರುವುದು ಲೆಕ್ಕ. ನೂರಕ್ಕೆ ಇಪ್ಪತ್ತೈದು ಇಳಿದಿದ್ದರೆ ಪೆಟ್ರೋಲ್ ಬೈಯುವುದು ಬಿಟ್ಟು, ಅಣ್ಣಿಗೇರಿ ಮಾಸ್ತರಿಗೆ ಹೇಳಿದ್ದನ್ನೆಲ್ಲ ನೀವೂ ನೋಡಿ. ಹಳೆ ಕಾರಿನ ಪೆಟ್ರೋಲ್ ಪೈಪಿನ ರಬ್ಬರ್ ಬಿರುಕು ಬಿಟ್ಟಿದೆಯಾ ಅಂತ ಸರ್ವೀಸ್‌ಗೆ ಬಿಟ್ಟಾಗಲೆಲ್ಲ ನೋಡಿಸಿ. ಪೆಟ್ರೋಲ್ ವಾಸನೆ ಬಂದರೆ ಅವತ್ತೇ ನೋಡಿಸಿ.

ಪ್ರಶ್ನೆ: ಅಪ್ಪ ತೀರಿಕೊಂಡು ಹನ್ನೊಂದು ತಿಂಗಳಾಯಿತು. ಅವರ 2011ರ ಮಾರುತಿ 800 ಅಂದಿನಿಂದ ಅಂಗಳದ ಮಾವಿನ ಮರದ ಕೆಳಗೆ ನಿಂತಿದೆ. 15 ವರ್ಷ ಆಗುತ್ತಾ ಬಂತು, ಗುಜರಿಗೆ ಹಾಕು ಅಂತ ಅಣ್ಣ ಹೇಳುತ್ತಾನೆ. ನನಗೆ ಅದರಲ್ಲೇ ಡ್ರೈವಿಂಗ್ ಕಲಿಯುವ ಆಸೆ. ಸ್ಟಾರ್ಟ್ ಮಾಡಿ ನೋಡಲಾ?
– ಬ್ಯಾಂಕ್ ಉದ್ಯೋಗಿ, ಸಪ್ತಾಪುರ, ಧಾರವಾಡ

ಉತ್ತರ: ತಂಗಿ, ಕೀಲಿ ಮುಟ್ಟಬೇಡ. ಇವತ್ತಂತೂ ಬೇಡ.

ಮೊದಲು ಬಾನೆಟ್ ಎತ್ತು. ಮಾವಿನ ಮರ ಅಂದ ಮೇಲೆ ಅಳಿಲು, ಇಲಿ ಇದ್ದೇ ಇರುತ್ತವೆ. ಎಂಜಿನ್ ಮೇಲೆ ತೆಂಗಿನ ನಾರು, ಬಟ್ಟೆ ಚೂರು ಕಂಡರೆ ಗೂಡು ಕಟ್ಟಿವೆ ಅಂತ ಅರ್ಥ. ಏರ್ ಫಿಲ್ಟರ್ ಡಬ್ಬಿಯೊಳಗೂ ನೋಡು. ವೈರು ಕಡಿದಿದ್ದರೆ ಕೀಲಿ ತಿರುಗಿಸಿದ ಕೂಡಲೇ ಶಾರ್ಟ್ ಆಗಬಹುದು. ಬ್ಯಾಟರಿ ಸತ್ತಿರುತ್ತದೆ, ಬಿಚ್ಚಿ ಚಾರ್ಜ್‌ಗೆ ಕೊಡು, ನಿಲ್ಲದಿದ್ದರೆ ಹೊಸದು. ಹನ್ನೊಂದು ತಿಂಗಳ ಪೆಟ್ರೋಲ್ ತೆಗೆಸಬೇಕು. ಅದಕ್ಕೆ ಬೆರೆಸಿದ ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಎಂಜಿನ್ ಆಯಿಲ್ ಮೂರು ಲೀಟರ್ ಕೂಡ ಹಿಡಿಯುವುದಿಲ್ಲ, ಅದನ್ನೂ ಫಿಲ್ಟರ್ ಸಮೇತ ಬದಲಿಸು.

ಅಪ್ಪ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದ್ದರೆ, ಧಾರವಾಡದ ಮಳೆಗೆ ಹಿಂದಿನ ಬ್ರೇಕ್ ಡ್ರಮ್ಮಿಗೆ ಅಂಟಿಕೊಂಡಿರುತ್ತದೆ. ಜೋರು ಮಾಡಿ ತಳ್ಳಬೇಡ, ಮೆಕ್ಯಾನಿಕ್ ಮನೆಗೇ ಬಂದು ಬಿಡಿಸಲಿ. ಇನ್ನು ಮುಂದೆ ಬಹಳ ದಿನ ನಿಲ್ಲಿಸುವಾಗ ಗೇರಿನಲ್ಲಿ ಬಿಟ್ಟು ಗಾಲಿಗೆ ಕಲ್ಲು ಕೊಡು. ಟೈರಿನ ಗೆರೆ ಚೆನ್ನಾಗಿದ್ದರೂ ಮೋಸ ಹೋಗಬೇಡ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2316 ಅಂದರೆ 2016ರ 23ನೇ ವಾರ ತಯಾರಾಗಿದ್ದು. ಅಷ್ಟು ಹಳೆಯದಾಗಿದ್ದರೆ ನಾಲ್ಕನ್ನೂ ತೆಗೆ. ಕಲಿಯುವವಳ ಕೈಯಲ್ಲಿ ಟೈರ್ ಸಿಡಿಯಬಾರದು.

ಗುಜರಿ ಮಾತು. 15 ವರ್ಷದ ಪೆಟ್ರೋಲ್ ಕಾರು ಓಡಿಸಬಾರದು ಅನ್ನುವ ನಿಯಮ ಬಂದಿದ್ದು ದೆಹಲಿ ಸುತ್ತಮುತ್ತ. ಟಿವಿಯಲ್ಲಿ ನೋಡಿ ಇಲ್ಲಿಯವರು ಹೆದರುತ್ತಾರೆ. ನಮ್ಮಲ್ಲಿ 15 ತುಂಬಿದ ಮೇಲೆ ಕಾರನ್ನು ಆರ್‌ಟಿಒಗೆ ತೋರಿಸಿ, ಹಸಿರು ತೆರಿಗೆ ಕಟ್ಟಿ, ಆರ್‌ಸಿಯನ್ನು ಐದೈದು ವರ್ಷಕ್ಕೆ ಮುಂದುವರಿಸಬಹುದು. ಅದಕ್ಕೂ ಮುಂಚೆ ಆರ್‌ಸಿ ನಿನ್ನ ಹೆಸರಿಗೆ ಆಗಬೇಕು. ಅಣ್ಣನ ಒಪ್ಪಿಗೆ ಪತ್ರ ಬೇಕಾಗುತ್ತದೆ, ಜಗಳ ಆಮೇಲೆ ಆಡು. ವಿಮೆ ಇಲ್ಲದೆ ಅಂಗಳದಿಂದ ಹೊರಗೆ ತರಬೇಡ.

ಒಂದು ವಿಷಯ ಹೇಳಲಾ? 2010ರ ಎಪ್ರಿಲ್‌ನಲ್ಲಿ ಬಿಎಸ್4 ಹೊಗೆ ನಿಯಮ ಬಂದಾಗ ಬೆಂಗಳೂರು ಸೇರಿ 13 ನಗರಗಳಲ್ಲಿ 800 ಮಾರಾಟ ನಿಂತಿತು. ನಮ್ಮ ಕಡೆ ಆಮೇಲೂ ಸಿಗುತ್ತಿತ್ತು. 2014ರ ಜನವರಿಯಲ್ಲಿ ತಯಾರಿಕೆಯೇ ಮುಗಿಯಿತು. ನಿಮ್ಮಪ್ಪ 2011ರಲ್ಲಿ ತಗೊಂಡಿದ್ದು ಕೊನೆಕೊನೆಯ ಗಾಡಿಗಳಲ್ಲಿ ಒಂದು. ಪವರ್ ಸ್ಟೀರಿಂಗ್ ಇರುವುದಿಲ್ಲ, ತೋಳು ನೋಯುತ್ತದೆ. ಆದರೆ ಅದರಲ್ಲಿ ಕ್ಲಚ್ ಕಲಿತವರಿಗೆ ಯಾವ ಕಾರೂ ಕಷ್ಟವಲ್ಲ. ಬೆಳಗ್ಗೆ ಆರಕ್ಕೆ ಕರ್ನಾಟಕ ವಿಶ್ವವಿದ್ಯಾಲಯದ ಕಡೆ ರಸ್ತೆ ಖಾಲಿ ಇರುತ್ತದೆ. ಎಲ್ ಬೋರ್ಡ್ ಹಾಕಿಕೋ, ಪಕ್ಕದಲ್ಲಿ ಲೈಸೆನ್ಸ್ ಇದ್ದವರು ಕೂರಲಿ. ಅಣ್ಣನನ್ನೇ ಕೂರಿಸು.

ಪ್ರಶ್ನೆ: ಸಣ್ಣ ಕಾರಿಗೆ ಅಗಲ ಟೈರ್, ಅಲಾಯ್ ವೀಲ್ ಹಾಕಿಸಿದರೆ ಹೇಗೆ?
– ಕಾಲೇಜು ವಿದ್ಯಾರ್ಥಿ, ರಾಣೆಬೆನ್ನೂರು

ಉತ್ತರ: ಚೆಂದ ಕಾಣುತ್ತದೆ ತಮ್ಮಾ. ಸ್ಟೀರಿಂಗ್ ಭಾರ ಆಗುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಬೇರಿಂಗ್ ಬೇಗ ಹೋಗುತ್ತದೆ. ಪೆಟ್ರೋಲ್ ದುಡ್ಡು ಯಾರು ಕೊಡುತ್ತಾರೋ ಅವರನ್ನು ಕೇಳು.

ಪ್ರಶ್ನೆ: ಇಷ್ಟೆಲ್ಲ ಹೇಳುತ್ತೀರಿ, ನಿಮ್ಮ ಕಾರು ಯಾವುದು?
– ಗೃಹಿಣಿ, ನವನಗರ, ಹುಬ್ಬಳ್ಳಿ

ಉತ್ತರ: 2003ರ 800, ಅಕ್ಕಾರ. ಇವತ್ತು ಬೆಳಗ್ಗೆ ಸ್ಟಾರ್ಟ್ ಆಗಲಿಲ್ಲ. ಇಪ್ಪತ್ತು ದಿನದಿಂದ ನಿಂತೇ ಇತ್ತು, ಬ್ಯಾಟರಿ ಇಳಿದಿದೆ. ಮಗ ಹಿಂದಿನಿಂದ ತಳ್ಳಿದ. ತಳ್ಳುತ್ತಾ ಏನೋ ಅಂದ. ಸರಿಯಾಗಿ ಕೇಳಿಸಲಿಲ್ಲ, ನಾನೂ ಮತ್ತೆ ಕೇಳಲಿಲ್ಲ.