ಆಮಿಶ್ ಪ್ರೇಮಕಾದಂಬರಿಗಳಲ್ಲಿ ಕೌದಿಗೂ ಅಡುಗೆಗೂ ಅಷ್ಟೊಂದು ಪುಟಗಳೇಕೆ?

ಅಮೆರಿಕದಲ್ಲಿ ಹಳೆಯ ಕಾಲದ ಸರಳ ರೀತಿಯಲ್ಲಿ ಬಾಳುವ ಆಮಿಶ್ ಎಂಬ ಕ್ರೈಸ್ತ ಪಂಗಡದ ಸುತ್ತ ಹೆಣೆದ ಈ ಕಥೆಗಳಲ್ಲಿ ನಾಯಕಿ ಅಧ್ಯಾಯಗಟ್ಟಲೆ ಕೌದಿ ಹೊಲಿಯುತ್ತಾಳೆ, ಗಾಜಿನ ಜಾಡಿಗಳಿಗೆ ಹಣ್ಣು ತುಂಬುತ್ತಾಳೆ, ಪ್ರೇಮ ಮಾತ್ರ ಇದ್ದಲ್ಲೇ ಇರುತ್ತದೆ. ಇದು ಪುಟ ತುಂಬಿಸುವ ಉಪಾಯವೋ, ಅಲ್ಲಿನ ಬದುಕೇ ಹಾಗೋ ಎಂದು ತಾವು ಕೇಳಿದ್ದೀರಿ. ಇಂಥ ಕಾದಂಬರಿಗಳನ್ನು ಬಹುಕಾಲದಿಂದ ಓದುತ್ತಿರುವ ನನಗೆ ಕಂಡಂತೆ, ಆ ಕೆಲಸಗಳಲ್ಲೇ ಪ್ರೇಮ ಮುಂದೆ ಸಾಗುತ್ತಿರುತ್ತದೆ. ಮುಟ್ಟುವುದಕ್ಕೂ ಬಾಯಿಬಿಟ್ಟು ಹೇಳುವುದಕ್ಕೂ ಅವಕಾಶವಿಲ್ಲದ ಕಥೆಯಲ್ಲಿ, ಒಬ್ಬಳು ತನ್ನ ಮನಸ್ಸನ್ನು ತೋರಿಸಲು ಅವಳ ಕೈಗೆಲಸವಲ್ಲದೆ ಬೇರೆ ದಾರಿ ಉಳಿದಿರುವುದಿಲ್ಲ.

ಹಿನ್ನೆಲೆ ಬಹುಮಟ್ಟಿಗೆ ನಿಜವಾದದ್ದೇ. 1693ರಲ್ಲಿ ಯಾಕೋಬ್ ಅಮ್ಮಾನ್ ಎಂಬ ಧರ್ಮಗುರುವಿನ ನಿಲುವುಗಳಿಂದ ಸ್ವಿಟ್ಜರ್ಲೆಂಡ್ ಮತ್ತು ಅಲ್ಸಾಸ್‌ನ ಅನಾಬ್ಯಾಪ್ಟಿಸ್ಟರಲ್ಲಿ (ಬೆಳೆದ ಮೇಲೆ ತಾವೇ ಒಪ್ಪಿ ದೀಕ್ಷಾಸ್ನಾನ ಪಡೆಯಬೇಕೆನ್ನುವ ಕ್ರೈಸ್ತರಲ್ಲಿ) ಒಡಕುಂಟಾಗಿ ಹುಟ್ಟಿದ ಈ ಪಂಗಡದವರು 18ನೆಯ ಶತಮಾನದಲ್ಲಿ ಪೆನ್ಸಿಲ್ವೇನಿಯಾಕ್ಕೆ ವಲಸೆ ಬಂದರು. ಅವರ ಮಕ್ಕಳ ಶಾಲೆ ಎಂಟನೆಯ ತರಗತಿಗೆ ಮುಗಿಯುತ್ತದೆ. ಅಮೆರಿಕದ ಸುಪ್ರೀಂ ಕೋರ್ಟು 1972ರಲ್ಲಿ ಅದನ್ನು ಧಾರ್ಮಿಕ ಸ್ವಾತಂತ್ರ್ಯದ ಹಕ್ಕೆಂದು ಎತ್ತಿಹಿಡಿಯಿತು. ಆದ್ದರಿಂದ ಹದಿನಾಲ್ಕರ ಹುಡುಗಿ ಮನೆಯಲ್ಲೇ ಉಳಿದು ತಾಯಿ, ಅಕ್ಕಂದಿರ ಜೊತೆ ಕಾಲಿನಿಂದ ತುಳಿಯುವ ಯಂತ್ರದಲ್ಲಿ ಬಟ್ಟೆ ಹೊಲಿಯುವುದನ್ನೂ ಚಳಿಗಾಲಕ್ಕೆ ತರಕಾರಿ ಕೂಡಿಡುವುದನ್ನೂ ಕಲಿಯುತ್ತಾಳೆ. ಹದಿನಾರರ ಸುಮಾರಿಗೆ 'ರಮ್‌ಸ್ಪ್ರಿಂಗಾ' ಎಂಬ, ಯುವಜನರು ತುಸು ಸ್ವತಂತ್ರವಾಗಿ ಓಡಾಡಿ ಸಂಗಾತಿಯನ್ನು ಹುಡುಕುವ ಕಾಲ ಆರಂಭವಾಗುತ್ತದೆ. ಭಾನುವಾರ ಸಂಜೆ ಯುವಜನರು ಸೇರಿ ಹಾಡುತ್ತಾರೆ. ಹಾಡು ಮುಗಿದ ಮೇಲೆ ಹುಡುಗ ತನಗಿಷ್ಟವಾದ ಹುಡುಗಿಯನ್ನು ತನ್ನ ಕುದುರೆಗಾಡಿಯಲ್ಲಿ ಮನೆಗೆ ಬಿಡುತ್ತಾನೆ. ಮದುವೆಯಾಗಬೇಕಾದರೆ ಇಬ್ಬರೂ ಮೊದಲು ದೀಕ್ಷಾಸ್ನಾನ ಪಡೆದು ಚರ್ಚಿನ ಸಭೆಗೆ ಸೇರಿರಲೇಬೇಕು.

ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯಲ್ಲಿ ಈ ಒಲವು ಸಾಂಪ್ರದಾಯಿಕವಾಗಿ ಗುಟ್ಟಿನ ವಿಷಯ. ಸುಗ್ಗಿ ಮುಗಿಯುವ ಹೊತ್ತಿಗೆ ಸಭೆಯಲ್ಲಿ ಜೋಡಿಯ ಹೆಸರು ಪ್ರಕಟಿಸುವವರೆಗೂ ಊರಿಗೆ ತಿಳಿಯಬಾರದು. ಆದರೆ ತೋಟವೇ ಗುಟ್ಟು ಬಿಟ್ಟುಕೊಡುತ್ತದೆ. ಅಲ್ಲಿನ ಮದುವೆಯೂಟಕ್ಕೆ ಸೆಲರಿ ಸೊಪ್ಪು ಇಲ್ಲದಿದ್ದರೆ ಆಗದು: ಅದರ ದಂಟನ್ನು ಕೆನೆಯ ಸಾರದಲ್ಲಿ ಬೇಯಿಸಿ ಬಡಿಸುವುದಲ್ಲದೆ, ಜಾಡಿಗಳಲ್ಲಿ ಹೂವಿನಂತೆ ನಿಲ್ಲಿಸಿ ಮೇಜಿನ ಮೇಲೂ ಇಡುತ್ತಾರೆ. ಮುನ್ನೂರು, ನಾನ್ನೂರು ಜನರ ಊಟಕ್ಕೆ ಬೇಕಾದಷ್ಟನ್ನು ಬೇಸಗೆಯಲ್ಲೇ ಬೆಳೆಯಬೇಕಾದ್ದರಿಂದ, ಮದುವೆಗೆ ಬಂದ ಮಗಳಿರುವ ಮನೆಯ ಹಿತ್ತಿಲಲ್ಲಿ ಸೆಲರಿಯ ಸಾಲುಗಳು ಹೆಚ್ಚಾದವೆಂದರೆ ನೆರೆಯವರು ಲೆಕ್ಕ ಹಾಕತೊಡಗುತ್ತಾರೆ. ಹೀಗೆ ಕಳೆ ಕೀಳುವ ಒಂದು ದೃಶ್ಯದಲ್ಲೇ ಪ್ರೇಮ ಬಯಲಾಗಬಲ್ಲ ಕಾದಂಬರಿ ಪ್ರಕಾರ ಇದು. ನನ್ನ ಮಟ್ಟಿಗೆ ಇದರ ನಿಜವಾದ ಸೊಗಸು ಇಲ್ಲಿದೆ, ಮುಖಪುಟದ ಟೊಪ್ಪಿಗೆಯ ಹುಡುಗಿಯಲ್ಲಲ್ಲ.

ನಂಬಬಾರದ ಸಂಗತಿಗಳೂ ಇವೆ. 1997ರಲ್ಲಿ ಬೆವರ್ಲಿ ಲೂಯಿಸ್ ಅವರ 'ದ ಶನಿಂಗ್' ಬಂದ ಮೇಲೆ ಹಬ್ಬಿದ ಈ ಕಾದಂಬರಿಗಳನ್ನು ಬರೆಯುವವರಲ್ಲಿ ಹೆಚ್ಚಿನವರು ಆಮಿಶರಲ್ಲ, ವೈಯಕ್ತಿಕ ನಂಬಿಕೆಗೆ ಒತ್ತು ಕೊಡುವ ಇವಾಂಜೆಲಿಕಲ್ ಕ್ರೈಸ್ತರು. ಹಾಗಾಗಿ ನಾಯಕಿ ಒಬ್ಬಂಟಿಯಾಗಿ ದೇವರೊಡನೆ ಸಂಭಾಷಿಸಿ ಪಾಪದಿಂದ ತನಗೆ ರಕ್ಷಣೆ ಸಿಕ್ಕಿತೆಂಬ ಖಾತ್ರಿ ಪಡೆಯುತ್ತಾಳೆ. ಅಂಥ ಖಾತ್ರಿಯನ್ನು ಬಾಯಲ್ಲಿ ಆಡುವುದೇ ಅಹಂಕಾರವೆಂದು ಸಾಂಪ್ರದಾಯಿಕ ಆಮಿಶರು ಭಾವಿಸುತ್ತಾರೆ. ಕೈಗೆಲಸವೂ ಕಥೆಗಳಲ್ಲಿ ಕಾಣುವಷ್ಟು ಏಕಾಂತದ್ದಲ್ಲ. ಚೌಕಟ್ಟಿಗೆ ಬಿಗಿದ ಕೌದಿಯ ಸುತ್ತ ಹಲವು ಹೆಂಗಸರು ಕೂತು ಒಟ್ಟಿಗೆ ಹೊಲಿಯುತ್ತಾರೆ. ಕೌದಿ ಅನಾದಿ ಕಾಲದಿಂದ ಅವರ ಮನೆಗಳಲ್ಲಿದ್ದುದೂ ಅಲ್ಲ: ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಷ್ಟೇ ಇಂಗ್ಲಿಷ್ ಮಾತನಾಡುವ ನೆರೆಹೊರೆಯವರಿಂದ ಕಲಿತದ್ದು. ಲ್ಯಾಂಕಾಸ್ಟರಿನಲ್ಲಿ ಪ್ರವಾಸಿಗರು ಕೊಳ್ಳುವ ಕೌದಿಗಳ ಹಿಂದೆ ಲಾವೋಸಿನಿಂದ ನಿರಾಶ್ರಿತರಾಗಿ ಬಂದ ಹ್ಮಾಂಗ್ ಜನಾಂಗದ ಹೆಂಗಸರ ಸೂಜಿಯೂ ಇದೆ. ಈ ಸಂಗತಿಯನ್ನು ಹೇಳುವ ಪ್ರೇಮಕಾದಂಬರಿ ಇದುವರೆಗೆ ನನ್ನ ಕೈಗೆ ಸಿಕ್ಕಿಲ್ಲ.

ತಾವು ಈಗ ಓದುತ್ತಿರುವುದನ್ನು ಅರ್ಧಕ್ಕೇ ಬಿಡಬೇಡಿ. ಪ್ರಾರ್ಥನೆಯ ಪುಟಗಳನ್ನು ಬೇಕಾದರೆ ಹಾರಿಸಿ, ಅಡುಗೆಮನೆಯ ಪುಟಗಳನ್ನು ಮಾತ್ರ ನಿಧಾನವಾಗಿ ಓದಿ.