ಅಂಕ ಏರಿದರೆ ಸಾಕಾ?

ವರ್ಷದ ಕೊನೆಗೆ ಮಕ್ಕಳ ಅಂಕ ಏರಿದೆ, ಅಂದರೆ ನಮ್ಮ ಪ್ರಿಸ್ಕೂಲ್ ಅವರನ್ನು ಕಿಂಡರ್‌ಗಾರ್ಟನ್‌ಗೆ ಚೆನ್ನಾಗಿ ತಯಾರು ಮಾಡಿದೆ ಅನ್ನಬಹುದಾ ಎಂದು ಕೇಳಿದ್ದೀರಿ. ಅಷ್ಟರಿಂದಲೇ ಹೇಳೋಕಾಗಲ್ಲ. ನಾಲ್ಕು ವರ್ಷದ ಮಗು ಮನೆಯಲ್ಲೇ ಇದ್ದರೂ ಒಂದು ವರ್ಷದಲ್ಲಿ ಬೇಕಾದಷ್ಟು ಕಲಿಯುತ್ತದೆ. ಆ ಪಾಲನ್ನು ಕಳೆದು ನೋಡಬೇಕು.

ಸುಮ್ನೆ ಪ್ರಿಸ್ಕೂಲ್‌ಗೆ ಸೇರದ ಮಕ್ಕಳ ಜೊತೆ ಹೋಲಿಸಿದರೂ ತೊಂದರೆಯೇ. ಸೇರಿಸುವ ಮನೆಗಳೇ ಬೇರೆ ಥರ ಇರಬಹುದು, ಅಲ್ವಾ? ಅಮೆರಿಕದ ಟಲ್ಸಾ ಊರಿನ ಅಧ್ಯಯನದಲ್ಲಿ ಒಂದು ಜಾಣ ದಾರಿ ಹಿಡಿದರು. ಅಲ್ಲಿ ಸೇರ್ಪಡೆಗೆ ಸೆಪ್ಟೆಂಬರ್ 1ರ ವಯಸ್ಸಿನ ಗಡಿ ಇತ್ತು. ಗಡಿಗೆ ಸ್ವಲ್ಪ ಮೊದಲು ಹುಟ್ಟಿ ಆಗಲೇ ಒಂದು ವರ್ಷ ಮುಗಿಸಿದವರು ಒಂದು ಕಡೆ, ಸ್ವಲ್ಪ ನಂತರ ಹುಟ್ಟಿ ಆಗಷ್ಟೇ ಸೇರುತ್ತಿದ್ದವರು ಇನ್ನೊಂದು ಕಡೆ. ವಯಸ್ಸು ಹೆಚ್ಚುಕಡಿಮೆ ಒಂದೇ, ಎರಡೂ ಕಡೆ ಸೇರಿಸಲು ಮುಂದೆ ಬಂದ ಮನೆಗಳೇ. ಹಾಗಾಗಿ ಇಬ್ಬರ ಅಂಕದಲ್ಲಿ ಕಾಣುವ ವ್ಯತ್ಯಾಸ ಬಹುಪಾಲು ಪ್ರಿಸ್ಕೂಲಿನದೇ ಅನ್ನಬಹುದು.

ಏನನ್ನು ಅಳೆಯುತ್ತೀರಿ ಅನ್ನೋದೂ ಮುಖ್ಯ. ಮಗುವಿಗೆ ಎಷ್ಟು ಅಕ್ಷರ ಗೊತ್ತು ಅಂತ ಎಣಿಸೋದು ಸುಲಭ, ಅದಕ್ಕೇ ಎಲ್ಲರೂ ಅದನ್ನೇ ಎಣಿಸುತ್ತಾರೆ! ಗಮನ, ಸಂಯಮ ನೋಡಲು ಒಂದು ಆಟವಿದೆ: ‘ತಲೆ ಮುಟ್ಟು’ ಅಂದರೆ ಮಗು ಕಾಲ್ಬೆರಳು ಮುಟ್ಟಬೇಕು. ಸರಿಯಾಗಿ ಮುಟ್ಟಿದರೆ ಎರಡು ಅಂಕ. ಕೈ ತಲೆಯ ಕಡೆ ಹೊರಟು, ಅರ್ಧದಲ್ಲಿ ತಡೆದು, ಕೆಳಗಿಳಿದರೆ ಒಂದು.

ಆಮೇಲೆ ಒಂದೆರಡು ವರ್ಷವಾದರೂ ಮಕ್ಕಳನ್ನು ಹಿಂಬಾಲಿಸಿ. ಅಮೆರಿಕದ ಟೆನ್ನೆಸ್ಸಿ ರಾಜ್ಯದಲ್ಲಿ ಲಾಟರಿ ಮೂಲಕ ಪ್ರಿಸ್ಕೂಲ್ ಸೀಟು ಸಿಕ್ಕ ಮಕ್ಕಳು ವರ್ಷದ ಕೊನೆಗೆ ಮುಂದಿದ್ದರು, ಆರನೇ ತರಗತಿಯ ಹೊತ್ತಿಗೆ ಸೀಟು ಸಿಗದವರಿಗಿಂತ ಹಿಂದೆ ಬಿದ್ದಿದ್ದರು.