ಹೆಡ್‌ಲೈಟ್ ಬಲ್ಬ್ ಕೊಳ್ಳುವ ಮೊದಲು ಕಾರನ್ನು ಗೋಡೆಯ ಮುಂದೆ ನಿಲ್ಲಿಸಿ

ಓದುಗರ ಪ್ರಶ್ನೆಗೆ ವಾಹನ ವಿದ್ಯುತ್ ತಜ್ಞರ ಉತ್ತರ

ಪ್ರಶ್ನೆ: ಸರ್, ನನ್ನ ಹ್ಯಾಚ್‌ಬ್ಯಾಕ್ ಕಾರಿಗೆ ಎಂಟು ವರ್ಷವಾಯಿತು. ಎಚ್4 ಹ್ಯಾಲೊಜನ್ ಬಲ್ಬ್ ಇದೆ. ಮೊದಲು ಪರವಾಗಿರಲಿಲ್ಲ, ಈಗ ರಾತ್ರಿ ಹೊತ್ತು ಹೆದ್ದಾರಿಯಲ್ಲಿ ಲೈಟ್ ಹಾಕಿದ್ದೇನೋ ಇಲ್ಲವೋ ಎಂದೇ ಅನುಮಾನ ಬರುತ್ತದೆ. ಆನ್‌ಲೈನ್‌ನಲ್ಲಿ 20,000 ಲೂಮೆನ್ ಎಂದು ಬರೆದ ಎಲ್ಇಡಿ ಬಲ್ಬ್ ಸಿಗುತ್ತಿದೆ. ತರಿಸಿ ನಾನೇ ಹಾಕಿಕೊಳ್ಳಲೇ?

ಉತ್ತರ: ಮೊದಲು ಆ 20,000ದ ಲೆಕ್ಕ ಮುಗಿಸಿಬಿಡೋಣ. ಲೂಮೆನ್ ಎಂದರೆ ಬೆಳಕಿನ ಪ್ರಮಾಣದ ಅಳತೆ. ಒಳ್ಳೆಯ ಎಲ್ಇಡಿ ಒಂದು ವ್ಯಾಟ್‌ಗೆ ಸುಮಾರು 100ರಿಂದ 150 ಲೂಮೆನ್ ಕೊಡುತ್ತದೆ. 20,000 ಲೂಮೆನ್ ಬರಬೇಕಾದರೆ ಕಡಿಮೆಯೆಂದರೂ 130 ವ್ಯಾಟ್ ಬೇಕು. ಅಂದರೆ 12 ವೋಲ್ಟ್‌ನಲ್ಲಿ ಹತ್ತಿರ ಹತ್ತಿರ 11 ಆಂಪಿಯರ್, ಒಂದೇ ಬಲ್ಬಿಗೆ. ನಿಮ್ಮ ಕಾರಿನ ಹೆಡ್‌ಲೈಟ್ ವೈರಿಂಗ್ ಅಷ್ಟಕ್ಕೆಂದು ಮಾಡಿದ್ದಲ್ಲ. ಬಲ್ಬ್ ಎಳೆಯುವ ವ್ಯಾಟ್ ಅದಕ್ಕಿಂತ ತೀರಾ ಕಡಿಮೆ ಎಂದರೆ ಡಬ್ಬದ ಮೇಲಿನ ಸಂಖ್ಯೆ ಸುಳ್ಳು ಎಂದೇ ಅರ್ಥ. 25–30 ವ್ಯಾಟ್‌ನ ಬಲ್ಬಿನಿಂದ ಬರುವುದು ಎರಡು-ಮೂರು ಸಾವಿರ ಲೂಮೆನ್ ಮಾತ್ರ, ಅದೂ ಬಲ್ಬ್ ಬಿಸಿಯಾಗುವ ತನಕ.

ಇನ್ನು ನಿಮ್ಮದೇ ಎಚ್4 ಬಲ್ಬ್ ನೋಡಿ. 60/55 ವ್ಯಾಟ್, ಅಂದರೆ ಹೈ ಬೀಮ್‌ಗೆ 60, ಡಿಪ್‌ಗೆ 55. 13.2 ವೋಲ್ಟ್‌ನಲ್ಲಿ ಹೈ ಬೀಮ್‌ಗೆ ಸುಮಾರು 1,650 ಲೂಮೆನ್, ಡಿಪ್‌ಗೆ ಸುಮಾರು 1,000. ಇಷ್ಟೇ ಬೆಳಕಿನಲ್ಲಿ ನೀವು ವರ್ಷಗಟ್ಟಲೆ ತಕರಾರಿಲ್ಲದೆ ಓಡಿಸಿದ್ದೀರಿ. 'ಮೊದಲು ಪರವಾಗಿರಲಿಲ್ಲ' ಎಂಬ ನಿಮ್ಮ ಮಾತಿನಲ್ಲೇ ಉತ್ತರವಿದೆ: ಬಲ್ಬಿನ ಶಕ್ತಿ ಸಾಲದೇ ಹೋಗಿಲ್ಲ, ನಡುವೆ ಎಲ್ಲೋ ಸೋರುತ್ತಿದೆ.

ಸೋರುವ ಜಾಗ ಸಾಮಾನ್ಯವಾಗಿ ಎರಡು. ಒಂದು ಮುಂದಿನ ಲೆನ್ಸ್. ಅದು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಮೇಲಿನ ರಕ್ಷಣಾ ಪದರ ಬಿಸಿಲಿಗೆ ಸವೆದ ಮೇಲೆ ಹಳದಿಗಟ್ಟಿ ಮಂಜಾಗುತ್ತದೆ. ಹಗಲಲ್ಲಿ ನೋಡಿ, ಒಳಗಿನ ರಿಫ್ಲೆಕ್ಟರ್ ಸ್ಪಷ್ಟವಾಗಿ ಕಾಣದಿದ್ದರೆ ಯಾವ ಬಲ್ಬ್ ಹಾಕಿದರೂ ಪ್ರಯೋಜನವಿಲ್ಲ. ಸುತ್ತಲಿನ ಪೇಂಟಿಗೆ ಟೇಪ್ ಅಂಟಿಸಿ, ನೀರು ಹಾಕುತ್ತಾ 800, 1500, 2000, 3000 ನಂಬರಿನ ಸ್ಯಾಂಡ್‌ಪೇಪರ್‌ನಲ್ಲಿ ಕ್ರಮವಾಗಿ ಉಜ್ಜಿ, ಪಾಲಿಶ್ ಕಾಂಪೌಂಡ್ ಹಚ್ಚಿ ಹೊಳಪು ತನ್ನಿ. ಕೊನೆಗೆ ಯುವಿ ತಡೆಯುವ ಕ್ಲಿಯರ್ ಕೋಟ್ ಹೊಡೆಯಲೇಬೇಕು. ಅದನ್ನು ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಟೂತ್‌ಪೇಸ್ಟ್ ಹಚ್ಚುವ ವಿಡಿಯೊಗಳಲ್ಲಿ ಈ ಕೊನೆಯ ಭಾಗವನ್ನು ತೋರಿಸುವುದೇ ಇಲ್ಲ.

ಎರಡನೆಯದು ವೋಲ್ಟೇಜ್. ಎಂಜಿನ್ ಚಾಲೂ ಇಟ್ಟು, ಲೈಟ್ ಹಾಕಿ, ಮಲ್ಟಿಮೀಟರ್‌ನಲ್ಲಿ ಬ್ಯಾಟರಿಯ ಮೇಲೆ ಅಳೆಯಿರಿ. ಹೆಚ್ಚಿನ ಕಾರುಗಳಲ್ಲಿ 14ರ ಆಸುಪಾಸು ಇರುತ್ತದೆ. ಆಮೇಲೆ ಬಲ್ಬಿಗೆ ವೈರ್ ಜೋಡಿಸುವ ಕಪ್ಲರ್ ಕೀಳದೆ, ಅದರ ಹಿಂದಿನಿಂದ ಮೊನೆ ತೂರಿಸಿ ಅಳೆಯಿರಿ. 13ಕ್ಕಿಂತ ಮೇಲಿದ್ದರೆ ವೈರಿಂಗ್ ಚೆನ್ನಾಗಿದೆ. 12ರ ಹತ್ತಿರ ಇಳಿದಿದ್ದರೆ ಹಾದಿಯಲ್ಲೇ ಪವರ್ ಕಳೆದುಹೋಗುತ್ತಿದೆ. ಹ್ಯಾಲೊಜನ್ ಬಲ್ಬ್ ವೋಲ್ಟೇಜಿಗೆ ತೀರಾ ನಾಜೂಕು: ಶೇ 5ರಷ್ಟು ವೋಲ್ಟೇಜ್ ಇಳಿದರೆ ಬೆಳಕು ಶೇ 16ರಷ್ಟು, ಶೇ 10 ಇಳಿದರೆ ಬೆಳಕು ಶೇ 30ರಷ್ಟು ಕಡಿಮೆಯಾಗುತ್ತದೆ. ಬಹಳಷ್ಟು ಸಲ ಕಳ್ಳ ಅರ್ತ್ ವೈರೇ (ಬಲ್ಬಿನಿಂದ ಕರೆಂಟ್ ಮರಳುವ ವೈರ್) ಆಗಿರುತ್ತದೆ. ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಮೇಲೆ, ಇನ್ನೊಂದನ್ನು ಬಲ್ಬಿನ ಅರ್ತ್ ಪಿನ್ ಮೇಲೆ ಇಡಿ. ಲೈಟ್ ಉರಿಯುವಾಗ ಅರ್ಧ ವೋಲ್ಟ್ ತೋರಿಸಿದರೂ ಅದು ಜಾಸ್ತಿಯೇ. ಆ ವೈರು ಬಾಡಿಗೆ ಕೂರುವ ಬೋಲ್ಟ್ ಬಿಚ್ಚಿ, ತುಕ್ಕು ಕೆರೆದು, ಬಿಗಿ ಮಾಡಿ.

ಇಷ್ಟಾದ ಮೇಲೆ ಒಳ್ಳೆಯ ಕಂಪನಿಯ ಹೊಸ ಹ್ಯಾಲೊಜನ್ ಜೋಡಿ ಹಾಕಿ. ಎರಡನ್ನೂ ಒಟ್ಟಿಗೆ ಬದಲಿಸಿ. ಹಳೆಯದರ ಗಾಜು ಒಳಗಿಂದ ಕಪ್ಪಾಗಿರಬಹುದು. 'ಶೇ 100 ಹೆಚ್ಚು ಬೆಳಕು' ಎಂದು ಮಾರುವ ದುಬಾರಿ ಹ್ಯಾಲೊಜನ್ ಬಲ್ಬುಗಳು ರಸ್ತೆಯ ಒಂದು ನಿರ್ದಿಷ್ಟ ಭಾಗಕ್ಕೆ ಹೆಚ್ಚು ಬೆಳಕು ತರುತ್ತವೆ, ನಿಜ. ಆದರೆ ಅವುಗಳ ಆಯುಸ್ಸು ಕಡಿಮೆ.

ಹಾಕುವ ಕೆಲಸ ಕಷ್ಟದ್ದಲ್ಲ. ಲೈಟ್ ಆರಿಸಿ, ಬಲ್ಬ್ ತಣ್ಣಗಾಗಲು ಬಿಡಿ. ಕಪ್ಲರನ್ನು ವೈರ್ ಹಿಡಿದು ಜಗ್ಗದೆ, ಅದರ ಮೈ ಹಿಡಿದು ಆಚೀಚೆ ಅಲುಗಿಸುತ್ತಾ ಎಳೆಯಿರಿ. ಅದರ ಪ್ಲಾಸ್ಟಿಕ್ ಕಂದಿದ್ದರೆ ಅಥವಾ ಕರಗಿದ್ದರೆ ಕಪ್ಲರನ್ನೂ ಬದಲಿಸಿ. ರಬ್ಬರ್ ಬೂಟ್ ತೆಗೆದರೆ ತಂತಿಯ ಕ್ಲಿಪ್ ಕಾಣುತ್ತದೆ. ಅದನ್ನು ಒಳಕ್ಕೆ ಒತ್ತಿ ಪಕ್ಕಕ್ಕೆ ಸರಿಸಿದರೆ ಬಲ್ಬ್ ಕೈಗೆ ಬರುತ್ತದೆ. ಹೊಸದನ್ನು ಲೋಹದ ಬುಡದಲ್ಲೇ ಹಿಡಿಯಿರಿ. ಬೆರಳಿನ ಜಿಡ್ಡು ಗಾಜಿಗೆ ತಗುಲಿದರೆ ಆ ಜಾಗ ಹೆಚ್ಚು ಕಾದು ಬಲ್ಬ್ ಬೇಗ ಹೋಗುತ್ತದೆ. ತಗುಲಿದ್ದರೆ ಆಲ್ಕೊಹಾಲ್‌ನಲ್ಲಿ ಒರೆಸಿ. ಬುಡದಲ್ಲಿ ಮೂರು ಕಿವಿಗಳಿವೆ, ಅಗಲವಾದದ್ದು ಮೇಲೆ ಬರಬೇಕು. ಮೂರೂ ತಮ್ಮ ತಮ್ಮ ಕಚ್ಚಿನಲ್ಲಿ ಸಮತಟ್ಟಾಗಿ ಕೂತ ಮೇಲೆಯೇ ಕ್ಲಿಪ್ ಹಾಕಿ. ಒಂದು ಕಿವಿ ಎದ್ದು ನಿಂತರೂ ಕ್ಲಿಪ್ ಹೇಗೋ ಬೀಳುತ್ತದೆ, ಬಲ್ಬ್ ಉರಿಯುತ್ತದೆ, ಬೆಳಕು ಮಾತ್ರ ಮರದ ತುದಿಗೆ ಹೋಗುತ್ತದೆ.

ಪ್ರಶ್ನೆ: ಹ್ಯಾಲೊಜನ್ ತೆಗೆದು ಎಲ್ಇಡಿ ಬಲ್ಬ್ ಹಾಕಿಸಿಕೊಂಡೆ. ಮುಂದಿನ ರಸ್ತೆ ಹಗಲಿನಂತೆ ಕಾಣುತ್ತದೆ. ಆದರೆ ಡಿಪ್‌ನಲ್ಲಿದ್ದರೂ ಎದುರಿನವರೆಲ್ಲ ಲೈಟ್ ಮಿಟುಕಿಸಿ ಬೈಯುತ್ತಾರೆ. ಬೆಳಕನ್ನು ಕೆಳಗೆ ಇಳಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಹೋಗಬಹುದು, ಹೋಗದೆಯೂ ಇರಬಹುದು. ಯಾವುದೆಂದು ಗೋಡೆ ಹೇಳುತ್ತದೆ.

ಎಚ್4 ಹ್ಯಾಲೊಜನ್ ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿ. ಎರಡು ಫಿಲಮೆಂಟ್ ಇವೆ. ಮುಂದಿನದರ ಕೆಳಗೆ ಪುಟ್ಟ ದೋಣಿಯಂಥ ಲೋಹದ ತಗಡು ಇದೆ. ಡಿಪ್ ಉರಿಯುವಾಗ ಆ ತಗಡು ಕೆಳಮುಖದ ಬೆಳಕನ್ನು ತಡೆಯುತ್ತದೆ. ರಿಫ್ಲೆಕ್ಟರಿನ ಮೇಲರ್ಧಕ್ಕೆ ಮಾತ್ರ ಬೆಳಕು ಬಿದ್ದು, ಅಲ್ಲಿಂದ ತಿರುಗಿ ರಸ್ತೆಗೆ ಇಳಿಯುತ್ತದೆ. ಎದುರಿನವರ ಕಣ್ಣಿಗೆ ಹೊಡೆಯದಂತೆ ಕಾಯುವ ಗೆರೆ, ಅಂದರೆ ಕಟ್‌ಆಫ್, ಹುಟ್ಟುವುದು ಹೀಗೆ. ರಿಫ್ಲೆಕ್ಟರಿನ ಬಾಗು ಲೆಕ್ಕ ಹಾಕಿರುವುದು ಆ ಕೂದಲೆಳೆಯಂಥ ಫಿಲಮೆಂಟ್ ಇರುವ ಜಾಗಕ್ಕೆ. ಎಲ್ಇಡಿ ಬಲ್ಬಿನಲ್ಲಿ ಅದೇ ಜಾಗದಲ್ಲಿ ಒಂದು ಪಟ್ಟಿ, ಅದರ ಎರಡು ಬದಿಗೆ ಚಿಪ್‌ಗಳು. ಪಟ್ಟಿ ದಪ್ಪವಾದಷ್ಟೂ, ಚಿಪ್ ಒಂದೆರಡು ಮಿಲಿಮೀಟರ್ ಸರಿದಷ್ಟೂ ಬೆಳಕು ದಾರಿ ತಪ್ಪುತ್ತದೆ. ಬಲ್ಬ್ ಎಷ್ಟು ಪ್ರಖರವೋ ದಾರಿ ತಪ್ಪಿದ ಬೆಳಕೂ ಅಷ್ಟೇ ಪ್ರಖರ.

'ಹಗಲಿನಂತೆ' ಎಂಬ ಮಾತಿನ ಬಗ್ಗೆಯೂ ಒಂದು ಎಚ್ಚರಿಕೆ. ಕಾರಿನ ಮೂತಿಯ ಮುಂದೆಯೇ ಬೆಳ್ಳಗೆ ಬೆಳಕು ಸುರಿದರೆ ಕಣ್ಣಿನ ಪಾಪೆ ಕಿರಿದಾಗುತ್ತದೆ. ಹತ್ತಿರದ ಡಾಂಬರು ಚೆನ್ನಾಗಿ ಕಂಡು ಮನಸ್ಸಿಗೆ ಸಮಾಧಾನವಾಗುತ್ತದೆ; ವೇಗದಲ್ಲಿ ಹೋಗುವಾಗ ನಿಜಕ್ಕೂ ಕಾಣಬೇಕಾದ ದೂರದ ದನವೋ ಸೈಕಲ್ಲೋ ಮೊದಲಿಗಿಂತ ತಡವಾಗಿ ಕಾಣುತ್ತದೆ.

ಈಗ ಬೀಮ್ ಸೆಟ್ಟಿಂಗ್. ಸಮತಟ್ಟಾದ ಜಾಗ, ಎದುರಿಗೆ ಗೋಡೆ. ಟೈರಿನ ಗಾಳಿ ಸರಿಯಾಗಿರಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ, ಡ್ಯಾಶ್‌ಬೋರ್ಡ್‌ನಲ್ಲಿ ಲೈಟ್ ಏರಿಳಿಸುವ ಗುಂಡಿ ಇದ್ದರೆ ಸೊನ್ನೆಯಲ್ಲಿರಲಿ. ಕಾರನ್ನು ಗೋಡೆಗೆ ತೀರಾ ಹತ್ತಿರ ತಂದು ಎರಡೂ ಲೈಟಿನ ನಡುಮಧ್ಯದ ಎತ್ತರಕ್ಕೆ ಟೇಪ್ ಅಂಟಿಸಿ. ನಂತರ ನೇರವಾಗಿ ಹಿಂದಕ್ಕೆ ಹೋಗಿ, ಗೋಡೆಗೂ ಲೈಟಿಗೂ 10 ಮೀಟರ್ ಅಂತರ ಬಿಡಿ. ಹೆಡ್‌ಲೈಟಿನ ಮೈಮೇಲೆ ಅಥವಾ ಬಾನೆಟ್ ಒಳಗೆ ಲೈಟಿನ ಚಿಹ್ನೆಯ ಪಕ್ಕ 1.0% ಅಥವಾ 1.2% ಎಂದು ಬರೆದಿರುತ್ತದೆ. 1.0 ಎಂದರೆ 10 ಮೀಟರಿಗೆ 10 ಸೆಂಟಿಮೀಟರ್, 1.2 ಎಂದರೆ 12. ಡಿಪ್‌ನ ಮೇಲಂಚು ಟೇಪಿಗಿಂತ ಅಷ್ಟು ಕೆಳಗೆ ಬರಬೇಕು. ಒಂದು ಲೈಟ್ ಸೆಟ್ ಮಾಡುವಾಗ ಇನ್ನೊಂದರ ಮುಂದೆ ರಟ್ಟು ನಿಲ್ಲಿಸಿ. ಬಟ್ಟೆ ಹೊದಿಸಬೇಡಿ, ಲೈಟ್ ಬಿಸಿಯೇರುತ್ತದೆ.

ಗೋಡೆಯ ಮೇಲೆ ಚೂಪಾದ ಅಡ್ಡಗೆರೆ ಕಂಡು, ಅದು ಮೇಲಿದೆ ಅಷ್ಟೇ ಎಂದಾದರೆ ಹೆಡ್‌ಲೈಟಿನ ಎತ್ತರ ಹೊಂದಿಸುವ ಸ್ಕ್ರೂ ತಿರುಗಿಸಿ ಇಳಿಸಿ, ಕೆಲಸ ಮುಗಿಯಿತು. ಗೆರೆಯೇ ಕಾಣದೆ ಬೆಳಕು ಮೇಲಕ್ಕೂ ಚೆಲ್ಲಿದ್ದರೆ ಬಲ್ಬ್ ತಿರುಗಿ ಕೂತಿದೆಯೇ ನೋಡಿ. ಚಿಪ್‌ಗಳು ಗಡಿಯಾರದ ಮೂರು ಮತ್ತು ಒಂಬತ್ತರ ದಿಕ್ಕಿಗೆ ಇರಬೇಕು. ಹಲವು ಬಲ್ಬುಗಳಲ್ಲಿ ಬುಡದ ಉಂಗುರ ಸಡಿಲಿಸಿ ಇದನ್ನು ಸರಿಪಡಿಸಬಹುದು. ಆಗಲೂ ಗೆರೆ ಮೂಡದಿದ್ದರೆ ಆ ಬಲ್ಬಿಗೂ ನಿಮ್ಮ ರಿಫ್ಲೆಕ್ಟರಿಗೂ ಹೊಂದುವುದಿಲ್ಲ. ತೆಗೆದುಬಿಡಿ. ಇಳಿಸುತ್ತಾ ಹೋದರೆ ಎದುರಿನವರಿಗೆ ಹೊಡೆಯುವುದು ತಪ್ಪದು, ನಿಮಗೂ ದೂರ ಕಾಣದು. ಅಂದಹಾಗೆ, ಹ್ಯಾಲೊಜನ್ ಲೈಟಿಗೆ ಎಲ್ಇಡಿ ಬಲ್ಬ್ ಹಾಕುವುದಕ್ಕೆ ಹಲವು ದೇಶಗಳಲ್ಲಿ ಅನುಮತಿಯೇ ಇಲ್ಲ. ಜರ್ಮನಿಯಲ್ಲಿ 2020ರಿಂದ ಕೆಲವು ಬಲ್ಬುಗಳಿಗೆ ಒಪ್ಪಿಗೆ ಸಿಕ್ಕಿದೆ. ಅದೂ ಈ ಬಲ್ಬ್ ಈ ಮಾಡೆಲ್ ಕಾರಿಗೆ ಎಂದು ಪರೀಕ್ಷಿಸಿ ಪಟ್ಟಿ ಮಾಡಿ ಕೊಟ್ಟದ್ದು. ನಿಮ್ಮಲ್ಲಿನ ನಿಯಮ, ವಿಮೆಯ ಷರತ್ತು ಎರಡನ್ನೂ ಕೇಳಿಕೊಂಡೇ ಮುಂದುವರಿಯಿರಿ.

ಪ್ರಶ್ನೆ: 100/90 ವ್ಯಾಟ್ ಬಲ್ಬ್ ಹಾಕಿ, ರಿಲೇ ಕಿಟ್ ಕೊಟ್ಟರೆ ತೊಂದರೆಯಿಲ್ಲ ಎನ್ನುತ್ತಾರೆ. ನಿಜವೇ? ರಿಲೇ ಜೋಡಿಸುವುದು ಹೇಗೆ?

ಉತ್ತರ: ವೈರ್ ಉಳಿಯುತ್ತದೆ, ರಿಫ್ಲೆಕ್ಟರ್ ಉಳಿಯುವುದಿಲ್ಲ. 100 ವ್ಯಾಟ್‌ನ ಶಾಖಕ್ಕೆ ರಿಫ್ಲೆಕ್ಟರಿನ ಬೆಳ್ಳಿಬಣ್ಣದ ಲೇಪ ಮಂಕಾಗಿ, ಪ್ಲಾಸ್ಟಿಕ್ ಸೊಟ್ಟಗಾಗಬಹುದು. ಬಹುತೇಕ ಕಡೆ ಈ ಬಲ್ಬುಗಳು ರಸ್ತೆಗೆಂದು ಒಪ್ಪಿಗೆ ಪಡೆದವೂ ಅಲ್ಲ. ರಿಲೇ ಕಿಟ್ ಮಾತ್ರ ಒಳ್ಳೆಯ ಯೋಚನೆ. ರಿಲೇ ಎಂದರೆ ಹಳೆಯ ವೈರಿನ ಸಣ್ಣ ಕರೆಂಟಿನಿಂದ ಚಾಲೂ ಆಗಿ, ಬ್ಯಾಟರಿಯಿಂದ ನೇರವಾಗಿ ಬಲ್ಬಿಗೆ ಕರೆಂಟ್ ಹರಿಸುವ ಸ್ವಿಚ್. ಅದನ್ನು 60/55 ಬಲ್ಬಿಗೇ ಹಾಕಿ. ಮೊದಲ ಉತ್ತರದಲ್ಲಿ ಹೇಳಿದ ವೋಲ್ಟೇಜ್ ಸೋರಿಕೆಗೆ ಅದೇ ಮದ್ದು.

ರಿಲೇಯ ಬುಡದಲ್ಲಿ ನಾಲ್ಕು ಸಂಖ್ಯೆಗಳಿರುತ್ತವೆ. 30ಕ್ಕೆ ಬ್ಯಾಟರಿ ಪಾಸಿಟಿವ್‌ನಿಂದ ಬರುವ ದಪ್ಪ ವೈರ್, 87ರಿಂದ ಬಲ್ಬಿಗೆ ದಪ್ಪ ವೈರ್. 85 ಮತ್ತು 86 ಒಳಗಿನ ಕಾಯಿಲ್‌ನ ತುದಿಗಳು. ಒಂದಕ್ಕೆ ಹಳೆಯ ಹೆಡ್‌ಲೈಟ್ ಕಪ್ಲರಿನಿಂದ ಸಿಗ್ನಲ್, ಇನ್ನೊಂದಕ್ಕೆ ಅರ್ತ್. ಹೀಗೆ ಡಿಪ್‌ಗೊಂದು, ಹೈ ಬೀಮ್‌ಗೊಂದು, ಒಟ್ಟು ಎರಡು ರಿಲೇ. ದಪ್ಪ ವೈರ್ 2.5 ಚದರ ಮಿಲಿಮೀಟರ್‌ನದಿರಲಿ. ಫ್ಯೂಸನ್ನು ಬ್ಯಾಟರಿಯಿಂದ ಒಂದು ಗೇಣಿನೊಳಗೇ ಹಾಕಿ. ಅದಕ್ಕಿಂತ ದೂರ ಹಾಕಿದರೆ, ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರ್ ಎಲ್ಲಾದರೂ ಉಜ್ಜಿ ಬಾಡಿಗೆ ತಗುಲಿದಾಗ ತಡೆಯುವವರಿಲ್ಲ, ಸೀದಾ ಬೆಂಕಿ. ಕೆಲಸ ಶುರುಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಎಲ್ಲ ಮುಗಿದ ಮೇಲೆ ಕೊನೆಗೆ ಹಾಕಿ.

ಎರಡು ಅಪವಾದಗಳಿವೆ. ಕೆಲವು ಕಾರುಗಳಲ್ಲಿ ಬಲ್ಬಿಗೆ ಪಾಸಿಟಿವ್ ಸದಾ ಇದ್ದು, ಸ್ವಿಚ್ ಅರ್ತನ್ನು ಕೊಡುತ್ತದೆ. ಸಾಮಾನ್ಯ ಕಿಟ್ ಅಲ್ಲಿ ಕೆಲಸ ಮಾಡದು. ಟೆಸ್ಟ್ ಲ್ಯಾಂಪ್ ಹಿಡಿದು ಮೂರೂ ಪಿನ್ ನೋಡಿಕೊಳ್ಳಿ. ಇನ್ನು ಹೆಡ್‌ಲೈಟನ್ನು ಕಂಪ್ಯೂಟರೇ ನಿಯಂತ್ರಿಸುವ ಹೊಸ ಕಾರುಗಳಲ್ಲಿ ಕರೆಂಟ್ ಬಿಟ್ಟು ಬಿಟ್ಟು ಬರುತ್ತದೆ, ರಿಲೇ ಕಟಕಟ ಎನ್ನುತ್ತದೆ. ಅಂಥ ಕಾರಿನ ವೈರಿಂಗ್‌ಗೆ ಕೈ ಹಾಕಬೇಡಿ.

ಪ್ರಶ್ನೆ: ಎಲ್ಇಡಿ ಹಾಕಿದ ಮೇಲೆ ಬಲ್ಬ್ ಹೋಗಿದೆ ಎಂಬ ಎಚ್ಚರಿಕೆ ಬರುತ್ತದೆ, ಆಗಾಗ ಮಿನುಗುತ್ತದೆ. ಎಫ್‌ಎಂ ರೇಡಿಯೊ ಕೂಡ ಗೊರಗೊರ ಎನ್ನುತ್ತಿದೆ.

ಉತ್ತರ: ಕಾರು 55 ವ್ಯಾಟ್ ಎದುರುನೋಡುತ್ತದೆ, ಸಿಗುವುದು 25. ಬಲ್ಬ್ ಸುಟ್ಟಿದೆ ಎಂದುಕೊಳ್ಳುತ್ತದೆ. ಮಿನುಗುವುದಕ್ಕೂ ಕಾರಣ ಹೆಚ್ಚುಕಡಿಮೆ ಇದೇ: ಪರೀಕ್ಷೆಗೆಂದು ಕಾರು ಕಳಿಸುವ ಚುಟುಕು ಕರೆಂಟಿಗೂ ಎಲ್ಇಡಿ ಉರಿದುಬಿಡುತ್ತದೆ. ಬಲ್ಬ್ ಸರಿಯಿದೆ ಎಂದು ಕಾರನ್ನು ನಂಬಿಸುವ, ಆ ಮಾಡೆಲಿಗೆಂದೇ ಮಾಡಿದ ಕ್ಯಾನ್‌ಬಸ್ ಅಡಾಪ್ಟರ್ ಹಾಕಿ ನೋಡಿ. ಅಗ್ಗದ ಪರಿಹಾರ, ಹೆಚ್ಚುವರಿ ಕರೆಂಟ್ ಎಳೆಯುವ ರೆಸಿಸ್ಟರ್. ಆದರೆ 6 ಓಮ್‌ನ ರೆಸಿಸ್ಟರ್ 13.5 ವೋಲ್ಟ್‌ನಲ್ಲಿ 30 ವ್ಯಾಟ್ ಶಾಖ ಉಗುಳುತ್ತದೆ, ಮುಟ್ಟಿದರೆ ಬೊಬ್ಬೆ ಏಳುತ್ತದೆ. ಅದನ್ನು ವೈರಿಗೋ ಪ್ಲಾಸ್ಟಿಕ್ಕಿಗೋ ಕಟ್ಟದೆ ಲೋಹದ ಬಾಡಿಗೆ ಸ್ಕ್ರೂ ಹಾಕಿ ಕೂರಿಸಿ. ರೇಡಿಯೊ ಗೊರಗೊರಕ್ಕೆ ಕಾರಣ ಬಲ್ಬಿನ ಡ್ರೈವರ್ ಸರ್ಕ್ಯೂಟಿನಲ್ಲಿ ಫಿಲ್ಟರ್ ಇಲ್ಲದ್ದು. ವೈರಿಗೆ ಫೆರೈಟ್ ಉಂಗುರ ಹಾಕಿದರೆ ಸ್ವಲ್ಪ ತಗ್ಗಬಹುದು.

ಪ್ರಶ್ನೆ: ಇಡೀ ಹೆಡ್‌ಲೈಟನ್ನೇ ತೆಗೆದು ಪ್ರೊಜೆಕ್ಟರ್ (ಉಬ್ಬು ಲೆನ್ಸಿನ ಮೂಲಕ ಬೆಳಕು ಹಾಯಿಸುವ ಘಟಕ) ಇರುವುದನ್ನು ಹಾಕಿಕೊಳ್ಳುವ ಆಸೆ. ಕೊಳ್ಳುವಾಗ ಏನು ನೋಡಬೇಕು?

ಉತ್ತರ: ಈ ಕಂತಿನ ಪ್ರಶ್ನೆಗಳಲ್ಲಿ ನಿಜವಾದ ಅಪ್‌ಗ್ರೇಡ್ ಎಂದರೆ ಇದೇ. ಬೆಳಕಿನ ಮೂಲ, ರಿಫ್ಲೆಕ್ಟರ್, ಲೆನ್ಸ್ ಮೂರನ್ನೂ ಒಂದಕ್ಕೊಂದು ಹೊಂದಿಸಿ ಮಾಡಿರುತ್ತಾರೆ. ಲೆನ್ಸಿನ ಮೇಲಿನ ಅಕ್ಷರಗಳನ್ನು ಓದಿ. ವೃತ್ತದೊಳಗೆ ಇ ಅಕ್ಷರ ಮತ್ತು ಒಂದು ಸಂಖ್ಯೆ ಇದ್ದರೆ ಅದು ವಿಶ್ವಸಂಸ್ಥೆಯ ವಾಹನ ನಿಯಮದಡಿ ಒಪ್ಪಿಗೆ ಪಡೆದದ್ದು. ಸಂಖ್ಯೆ ಒಪ್ಪಿಗೆ ಕೊಟ್ಟ ದೇಶದ್ದು. ಹತ್ತಿರದಲ್ಲೇ ಬಾಣದ ಗುರುತಿದೆಯೇ ನೋಡಿ. ಲೈಟಿನ ಎದುರು ನಿಂತಾಗ ನಿಮ್ಮ ಬಲಕ್ಕೆ ತೋರುವ ಬಾಣ ಇದ್ದರೆ ಎಡಬದಿಯಲ್ಲಿ ಓಡಿಸುವ ದೇಶಗಳಿಗೆ ಮಾಡಿದ್ದು. ಬಾಣವೇ ಇಲ್ಲದಿದ್ದರೆ ಬಲಬದಿಯ ಸಂಚಾರಕ್ಕೆ, ಎರಡೂ ಕಡೆಗೆ ಇದ್ದರೆ ಎರಡಕ್ಕೂ. ಡಿಪ್‌ನ ಬೆಳಕು ರಸ್ತೆಯಂಚಿನ ಕಡೆಗೆ ತುಸು ಮೇಲೇರುತ್ತದೆ. ತಪ್ಪು ದೇಶದ ಲೈಟ್ ಹಾಕಿದರೆ ಆ ಏರು ಎದುರಿನವರ ಕಣ್ಣಿಗೇ ನಾಟುತ್ತದೆ. ವಿದೇಶದ ಸೆಕೆಂಡ್ ಹ್ಯಾಂಡ್ ಲೈಟ್ ತರಿಸುವವರು ಎಡವುವುದು ಇಲ್ಲೇ.

ಬಿಚ್ಚುವಾಗ ಹೆಚ್ಚಿನ ಕಾರುಗಳಲ್ಲಿ ಮುಂದಿನ ಬಂಪರ್ ಕಳಚಬೇಕಾಗುತ್ತದೆ. ಮೂಲೆಗಳಿಗೆ ಟೇಪ್ ಅಂಟಿಸಿಕೊಂಡರೆ ಪೇಂಟ್ ಉಳಿಯುತ್ತದೆ. ಲೈಟ್ ಜಗ್ಗಿದರೂ ಬರುತ್ತಿಲ್ಲವೆಂದರೆ ಇನ್ನೊಂದು ಬೋಲ್ಟ್ ಎಲ್ಲೋ ಅಡಗಿದೆ ಎಂದೇ ತಿಳಿಯಿರಿ. ಬಲ ಹಾಕಿದರೆ ಮುರಿಯುವುದು ಪ್ಲಾಸ್ಟಿಕ್ ಕಿವಿ.

ಹಳೆಯ ಲೈಟನ್ನು ಓವನ್ನಿನಲ್ಲಿ ಬಿಸಿ ಮಾಡಿ ಅಂಟು ಬಿಡಿಸಿ ಒಳಗೆ ಪ್ರೊಜೆಕ್ಟರ್ ಕೂರಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಫಿಲಮೆಂಟ್ ಬದಲು ಅನಿಲದಲ್ಲಿ ಕಿಡಿ ಹೊತ್ತಿಸಿ ಬೆಳಗುವ ಎಚ್‌ಐಡಿ ಕ್ಸೆನಾನ್ ಕಿಟ್ ಅಂತೂ ಬೇಡವೇ ಬೇಡ. ಹೊತ್ತಿಕೊಳ್ಳುವ ಕ್ಷಣದಲ್ಲಿ ಅದಕ್ಕೆ 20,000 ವೋಲ್ಟ್‌ಗೂ ಮೀರಿದ ಹೊಡೆತ ಬೇಕು. 2,000 ಲೂಮೆನ್ ದಾಟುವ ಡಿಪ್ ಬಲ್ಬ್ ಇದ್ದರೆ ತಾನಾಗಿ ಮಟ್ಟ ಹೊಂದಿಸುವ ವ್ಯವಸ್ಥೆ, ಲೆನ್ಸ್ ತೊಳೆಯುವ ವಾಷರ್ ಎರಡೂ ಇರಬೇಕೆಂದು ವಿಶ್ವಸಂಸ್ಥೆಯ ನಿಯಮ ಹೇಳಲು ಕಾರಣವಿದೆ: ಹಿಂದಿನ ಸೀಟು ತುಂಬಿ ಮೂತಿ ಎದ್ದರೆ, ಲೆನ್ಸಿನ ಮೇಲೆ ಕೆಸರು ಕೂತರೆ ಅಷ್ಟು ಬೆಳಕು ಎಲ್ಲೆಂದರಲ್ಲಿ ಚದುರುತ್ತದೆ.

ಪ್ರಶ್ನೆ: ಬಲ್ಬ್ ಬದಲಿಸಿದ ನಂತರ ಲೆನ್ಸಿನ ಒಳಗೆ ಹಬೆ ಕಟ್ಟುತ್ತಿದೆ.

ಉತ್ತರ: ತೆಳ್ಳಗೆ ಹಬೆ ಕಟ್ಟಿ, ಲೈಟ್ ಹಾಕಿದ ಸ್ವಲ್ಪ ಹೊತ್ತಿಗೆ ಆರಿದರೆ ಚಿಂತೆಯಿಲ್ಲ, ಹೆಡ್‌ಲೈಟಿಗೆ ಉಸಿರಾಡುವ ರಂಧ್ರಗಳಿರುತ್ತವೆ. ಕೆಳಗೆ ನೀರು ನಿಂತಿದ್ದರೆ ಹಿಂದಿನ ರಬ್ಬರ್ ಬೂಟ್ ಸರಿಯಾಗಿ ಕೂತಿಲ್ಲ, ಅಥವಾ ಎಲ್ಇಡಿ ಫ್ಯಾನ್ ಹೊರಬರಲೆಂದು ಅದನ್ನು ಕತ್ತರಿಸಿದ್ದಾರೆ. ಕತ್ತರಿಸಿದ್ದರೆ ಸಿಲಿಕಾನ್ ಮೆತ್ತುತ್ತಾ ಕೂರದೆ ಹೊಸ ಬೂಟ್ ಹಾಕಿ; ಹಾಕುವ ಮೊದಲು ಹಿಂದಿನ ಬಾಯಿ ತೆರೆದಿಟ್ಟು ಒಳಗನ್ನು ಪೂರ್ತಿ ಒಣಗಿಸಿ. ಬಟ್ಟೆ ತೂರಿಸಿ ರಿಫ್ಲೆಕ್ಟರ್ ಒರೆಸಲು ಮಾತ್ರ ಹೋಗಬೇಡಿ, ಲೇಪ ಬಟ್ಟೆಯ ಜೊತೆಗೇ ಎದ್ದುಬರುತ್ತದೆ.